24ಕ್ಕೆ ಸಿಗ್ತೀವಿ ಬಿಡು
ಸ್ಪೇನಿನ ಹಾಡು-ಕುಣಿತ ಫ್ಲಮೆಂಕೋದಲ್ಲಿ ಬುಲೇರಿಯಾಸ್ ಅಂತ ಒಂದು ತಾಳದ ಬಗೆ ಇದೆ, ಹೆರೆಸ್ ಊರಿನ ಕಡೆಯದು, ಸಿಕ್ಕಾಪಟ್ಟೆ ಸ್ಪೀಡು. ಒಟ್ಟು 12 ಎಣಿಕೆ, ಆದ್ರೆ ಎಣಿಸೋಕೆ ಶುರು ಮಾಡೋದೇ 12ರಿಂದ! 12, 1, 2, 3 ಅಂತ ಹೋಗುತ್ತೆ, ಒತ್ತು ಬೀಳೋದು 12, 3, 6, 8, 10ರ ಮೇಲೆ, ಅಂದ್ರೆ ಎರಡು ಸಲ ಮೂರು, ಆಮೇಲೆ ಮೂರು ಸಲ ಎರಡು. ಸೆವಿಲ್‌ನಲ್ಲಿ ಶೋಗೆ ಹೊರಡೋ ಮುಂಚೆ ಇದನ್ನ ಹೇಳೋಕೆ ಹೋದ್ರೆ ನಮ್ಮ ಭಾವ "ಹೋಗೋ, ನಂಗೇ ತಾಳ ಹೇಳ್ಕೊಡ್ತೀಯಾ" ಅಂದ್ರು. ಕಛೇರಿ ಅಂದ್ರೆ ಮುಂದಿನ ಸಾಲಲ್ಲಿ ಕೂತು ತೊಡೆ ಊದ್ಕೊಳ್ಳೋವರೆಗೂ ತಾಳ ಹಾಕೋ ಆಸಾಮಿ.

ಸೆವಿಲ್‌ನ ಟ್ರಿಯಾನಾ ಬಡಾವಣೆಯಲ್ಲಿ ಪುಟ್ಟ ಜಾಗ, ಮೈಕ್ ಇಲ್ಲ. ಹಾಡೋನು, ಗಿಟಾರಿನವನು, ಕುಣಿಯೋಳು, ಜೊತೆಗೆ ಬರೀ ಚಪ್ಪಾಳೆ ಹೊಡೆಯೋಕೇ ಅಂತ ಇಬ್ರು, ಪಾಲ್ಮೇರೋ ಅಂತಾರೆ ಅವ್ರನ್ನ. ಹಾಡುವಾಗ ದನಿ ಮುಚ್ಚಿಹೋಗದ ಹಾಗೆ ಅಂಗೈ ಗುಳಿ ಮಾಡ್ಕೊಂಡು ಮೆತ್ತಗೆ ಹೊಡೀತಾರೆ, ಕುಣಿತ ಏರಿದಾಗ ಬೆರಳನ್ನ ಅಂಗೈಗೆ ಬಡಿದು ಚಟಾರ್ ಅನ್ನಿಸ್ತಾರೆ. ಒಬ್ಬ ಎಣಿಕೆ ಮೇಲೆ ಹೊಡೆದ್ರೆ ಇನ್ನೊಬ್ಬ ಸಂದಿಯಲ್ಲಿ, ಕಣ್ಮುಚ್ಚಿದ್ರೆ ಒಂದು ದಂಡೇ ಕೂತಿದೆ ಅನ್ಸುತ್ತೆ.

ಭಾವ ಆದಿತಾಳ ಶುರು ಮಾಡಿದ್ರು. ಅಕ್ಕ "ರೀ, ಕೈ ಇಳಿಸ್ರೀ" ಅಂದ್ರೆ "ಸುಮ್ನಿರೇ, ನಂದು ಎಂಟು, ಅವರ್ದು ಹನ್ನೆರಡು, ನಂದು ಮೂರು ಆವರ್ತ ಮುಗಿಯೋಷ್ಟರಲ್ಲಿ ಅವರ್ದು ಎರಡು, 24ಕ್ಕೆ ಸಿಗ್ತೀವಿ ಬಿಡು" ಅಂತಾರೆ. ಲೆಕ್ಕ ಪಕ್ಕಾ ಸರಿ, ಅಲ್ಲೀವರೆಗಿನ ಹೊಡೆತಗಳದ್ದೇ ಪ್ರಾಬ್ಲಮ್ಮು. ಇವರನ್ನ ನೋಡಿ ಹಿಂದಿನ ಟೂರಿಸ್ಟ್ ಗುಂಪಿಗೂ ಧೈರ್ಯ ಬಂದು ಕ್ರಿಕೆಟ್ ಸ್ಟೇಡಿಯಂ ಥರ ದಪದಪ ಬಡಿಯೋಕೆ ಶುರು, ಪಾಪ ಆ ಹೆಂಗಸು ಕಾಲಲ್ಲಿ ನುಡಿಸ್ತಿರೋದೂ ತಾಳವೇ, ಅದು ಯಾರಿಗೂ ಕೇಳಿಸ್ತಿಲ್ಲ. ಪಾಲ್ಮೇರೋ ಒಬ್ಬ ಭಾವನ್ನ ದುರುಗುಟ್ಟಿ ನೋಡಿದ. ಭಾವ ಒಬ್ಬ ವಿದ್ವಾಂಸ ಇನ್ನೊಬ್ಬ ವಿದ್ವಾಂಸನಿಗೆ ಮಾಡೋ ಹಾಗೆ ನಮಸ್ಕಾರ ಮಾಡಿದ್ರು.

ಮೂಲೇಲಿ ಊರಿನ ಅಜ್ಜ ಒಬ್ರು, ಒಂದು ಚಪ್ಪಾಳೆನೂ ಹೊಡೀತಿರ್ಲಿಲ್ಲ. ಹಾಡೋನು ಸಾಲು ಮುಗಿಸಿ ಉಸಿರು ಬಿಡೋ ಜಾಗದಲ್ಲಿ, ಎಣಿಕೆ ಒಳಗೇ, ಮೆಲ್ಲಗೆ "ಓಲೇ" ಅಂದ್ರೆ ಅವನ ಮುಖ ಅರಳ್ತಿತ್ತು. ಭಾವಂಗೆ ಅದು ಹಿಡಿಸ್ತು ನೋಡಿ, ಕೈಕಟ್ಟಿ ಕಾದ್ರು, ಕಾದ್ರು, ಒಂದು ಗಳಿಗೆ ಎಲ್ಲಾ ನಿಂತಾಗ "ಭಲೇ!" ಅಂದ್ರು. ಜಾಗ ಸರಿಯಾಗೇ ಬಿತ್ತು. ಅಜ್ಜ ನಮ್ಮ ಕಡೆ ತಿರುಗಿ ತಲೆ ಆಡಿಸಿದ್ರು ಅಂತ ಭಾವ ಸಿಕ್ಕಿದೋರಿಗೆಲ್ಲ ಹೇಳ್ತಾರೆ, ಅಕ್ಕ ಮಾತ್ರ ಅಜ್ಜ ತಲೆ ಆಡಿಸಿದ್ದು ಬಿಲ್ ತಂದ ವೇಟರ್‌ಗೆ ಅಂತಾಳೆ.