ಓದಲು ಹೊರಟವರ ಕೈಗೆ ಪೊಟ್ಟಣ ಕೊಡಬೇಡಿ

ಕೆಲವರಿಗೆ ಬೇಜಾರಾಗಬಹುದು, ಆದರೂ ಹೇಳಿಬಿಡುತ್ತೇನೆ. ಹೊರದೇಶಕ್ಕೆ ಓದಲು ಹೊರಟ ಮಕ್ಕಳ ಹತ್ತಿರ ನಿಮ್ಮ ಮನೆಯವರಿಗೆ ಅಂತ ಪೊಟ್ಟಣ ಕೊಟ್ಟು ಕಳಿಸಬೇಡಿ. "ಅಲ್ಲೇ ಹತ್ರ ನಮ್ಮನೆ ಮಾಣಿ (ಹುಡುಗ) ಇದ್ದ, ಇದೊಂದು ಸಣ್ಣ ಪೊಟ್ಟಣ ತಗಂಡು ಹೋಗೇ ತಂಗಿ" ಅಂದಾಗ ಆ ಹುಡುಗಿ ಏನು ಹೇಳಬೇಕು? ದೊಡ್ಡವರಿಗೆ ಇಲ್ಲ ಅನ್ನಲು ನಮ್ಮ ಶಿರಸಿ ಕಡೆ ಮಕ್ಕಳಿಗೆ ಬಾಯಿ ಬರುವುದಿಲ್ಲ.

ನಮ್ಮ ಅಣ್ಣನ ಮಗಳು ಜರ್ಮನಿಗೆ ಹೊರಟಿದ್ದಾಳೆ. ಅಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರು. ಅಂದರೆ ನಮ್ಮಲ್ಲಿ ಮಳೆ ಪೂರ್ತಿ ಬಿಡುವ ಮೊದಲೇ ಎಲ್ಲ ಕಟ್ಟಬೇಕು. ಬಟ್ಟೆ ಒಣಗುವುದಿಲ್ಲ, ಬಚ್ಚಲೊಲೆ ಹತ್ತಿರ ಹಾಕಿದರೆ ಹೊಗೆ ವಾಸನೆ, ಹೊಸ ಸೂಟ್‌ಕೇಸ್ ನಾಲ್ಕು ದಿನ ಮೂಲೆಯಲ್ಲಿಟ್ಟರೆ ಒಳಗೆಲ್ಲ ಬೂಸಲು. ಇಷ್ಟರ ಮಧ್ಯೆ ಟಿಕೆಟ್‌ನಲ್ಲಿ ಸಿಗುವುದು 23 ಕಿಲೋದ ಒಂದು ಬ್ಯಾಗು, ಕೈಚೀಲ 8 ಕಿಲೋ. ಕೆಲವು ವಿಮಾನ ಕಂಪನಿಗಳು ವಿದ್ಯಾರ್ಥಿಗಳಿಗೆ ಜಾಸ್ತಿ ತೂಕ ಕೊಡುತ್ತವೆ, ಟಿಕೆಟ್ ಮಾಡುವಾಗಲೇ ಕೇಳಿ. ಖಾಲಿ ಸೂಟ್‌ಕೇಸೇ ಮೂರ್ನಾಲ್ಕು ಕಿಲೋ ಬರುತ್ತೆ. ದಪ್ಪ ಜಾಕೆಟ್, ಬೂಟು, ಕುಕ್ಕರ್ ಹಾಕಿದ ಮೇಲೆ ಉಳಿಯುವುದೆಷ್ಟು?

ನೆಂಟರ ಹುಡುಗನೊಬ್ಬನಿಗೆ ಬೆಂಗಳೂರಿನ ಏರ್‌ಪೋರ್ಟ್‌ನಲ್ಲಿ ತೂಕ ಜಾಸ್ತಿ ಬಂತು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವನು, ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿಕೊಂಡು ತನ್ನ ಕಂಬಳಿ, ತನ್ನ ಪುಸ್ತಕ, ಆಯಿ ಮಾಡಿಕೊಟ್ಟ ಸಾರಿನ ಪುಡಿ ತೆಗೆದು ಅಪ್ಪನ ಕೈಗೆ ಕೊಟ್ಟ. ಬೇರೆಯವರ ಪೊಟ್ಟಣ ಒಂದನ್ನೂ ತೆಗೆಯಲಿಲ್ಲ, "ನಂಬಿ ಕೊಟ್ಟಿದ್ದು" ಅಂದನಂತೆ. ಇದನ್ನು ಕೇಳಿದಾಗಿಂದ ನನಗೆ ಹೊಟ್ಟೆ ಉರಿಯುತ್ತಿದೆ.

ತೂಕದ್ದು ಒಂದು ಕಡೆ ಇರಲಿ. ಬ್ಯಾಗಿನೊಳಗೆ ಏನೇ ಸಿಕ್ಕಿದರೂ ಕೇಳುವುದು ಒಯ್ದ ಹುಡುಗಿಯನ್ನೇ. ನಿಮ್ಮ ಪೊಟ್ಟಣದಲ್ಲಿ ಏನಿದೆ ಅಂತ ಅವಳಿಗೆ ಗೊತ್ತೇ ಇರುವುದಿಲ್ಲ. ಜರ್ಮನಿಯೂ ಸೇರಿದ ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಮನೆ ತುಪ್ಪವೂ ಹಾಲಿನದ್ದೇ, ಪೇಡೆಯೂ ಹಾಲಿನದ್ದೇ. ಆದರೆ ಮೀನಿಗೆ 20 ಕಿಲೋವರೆಗೆ ಅವಕಾಶವಿದೆ, ಹಾಗಾಗಿ ಕಾರವಾರ, ಅಂಕೋಲೆಯವರ ಒಣಮೀನಿಗೆ ಅಲ್ಲಿ ಕಾನೂನಿನ ಅಡ್ಡಿ ಇಲ್ಲ, ನಮ್ಮ ತುಪ್ಪಕ್ಕೆ ಇದೆ! ವೀಳ್ಯದೆಲೆ, ಕರಿಬೇವಿನಂಥ ಹಸಿ ಎಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ದುಬೈ ಮೇಲೆ ಹೋಗುವವರ ಮಸಾಲೆ ಪೊಟ್ಟಣದಲ್ಲಿ ಗಸಗಸೆ ಇರಲೇಬಾರದು, ಯುಎಇಯಲ್ಲಿ ಅದು ನಿಷಿದ್ಧ. ಒಣಕೊಬ್ಬರಿಯನ್ನು 2022ರಿಂದ ನಮ್ಮ ದೇಶದಲ್ಲೇ ಚೆಕ್-ಇನ್ ಬ್ಯಾಗಿನಲ್ಲಿ (ಕೌಂಟರಿನಲ್ಲಿ ತೂಗಿ ಕೊಟ್ಟುಬಿಡುವ ದೊಡ್ಡ ಬ್ಯಾಗು) ಬಿಡುತ್ತಿಲ್ಲ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುತ್ತೆ ಅಂತ. ಅಮೆರಿಕಕ್ಕೆ ಇಲ್ಲಿಂದ ಅಕ್ಕಿ ಒಯ್ಯುವಂತಿಲ್ಲ, ಕಾಳಿಗೆ ಹತ್ತುವ ಖಾಪ್ರಾ ಹುಳದ ಭಯ ಅವರಿಗೆ. ಆಸ್ಟ್ರೇಲಿಯಾದಲ್ಲಿ ತಿನ್ನುವ ಸಾಮಾನು ಏನಿದ್ದರೂ ಇಳಿದ ಕೂಡಲೇ ಬರೆದು ತೋರಿಸಬೇಕು, ಮುಚ್ಚಿಟ್ಟರೆ ದಂಡ.

ಹಾಗಂತ ಊರಿನ ರುಚಿ ಬೇಡ ಅನ್ನುತ್ತಿಲ್ಲ. ಬೇಸಿಗೆಯಲ್ಲಿ ಒಣಗಿಸಿದ ಹಲಸಿನ ಹಪ್ಪಳ, ಮುರುಗಲ ಸಿಪ್ಪೆ, ಕಷಾಯದ ಪುಡಿ, ಚಟ್ನಿಪುಡಿ. ತೂಕವೂ ಕಡಿಮೆ, ಚೆಲ್ಲುವುದೂ ಇಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಸಣ್ಣ ಬಾಟಲಿಯಲ್ಲಿ, ಎರಡು ಮೂರು ಪ್ಲಾಸ್ಟಿಕ್ ಸುತ್ತಿ. ಕಾಗದದಷ್ಟು ತೆಳ್ಳಗಿನ ಸಿಹಿ ತೊಡದೇವು ಕಳಿಸಬೇಡಿ, ಅದು ಹುಬ್ಬಳ್ಳಿ ಮುಟ್ಟುವುದರೊಳಗೇ ಪುಡಿ. ಅಕ್ಕಿ, ಬೇಳೆ ಅಲ್ಲಿನ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತೆ. ಕುಕ್ಕರ್ ತಗೊಳ್ಳುವಾಗ ಮಾತ್ರ ಇಂಡಕ್ಷನ್ ತಳದ್ದೇ ನೋಡಿ, ಬರೀ ಅಲ್ಯೂಮಿನಿಯಂನದ್ದು ಇಂಡಕ್ಷನ್ ಒಲೆಯಲ್ಲಿ ಬಿಸಿಯಾಗುವುದಿಲ್ಲ.

ಕಾಗದಪತ್ರ ಯಾವತ್ತೂ ಕೈಚೀಲದಲ್ಲಿ. ಮೂಲ ಅಂಕಪಟ್ಟಿ, ಅಡ್ಮಿಶನ್ ಪತ್ರ, ನಮ್ಮ ಅಂಕಪಟ್ಟಿ ಅಸಲಿ ಅಂತ ಜರ್ಮನಿಯವರು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ, ಇನ್ಶೂರೆನ್ಸ್, ಬ್ಲಾಕ್ಡ್ ಅಕೌಂಟಿನ ಪತ್ರ. ಬ್ಲಾಕ್ಡ್ ಅಕೌಂಟ್ ಅಂದರೆ ಅಲ್ಲಿನ ಖರ್ಚಿಗೆ ಮೊದಲೇ ದುಡ್ಡು ಕಟ್ಟಿ, ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯಬಹುದಾದ ಖಾತೆ. ಅದರಲ್ಲಿ ವರ್ಷಕ್ಕೆ 11,904 ಯುರೋ ತೋರಿಸಬೇಕು. ಅದಕ್ಕೆ ಸಾಲ ಎತ್ತಲು ಅಪ್ಪಂದಿರು ಬ್ಯಾಂಕಿಗೆ ಎಷ್ಟು ಅಲೆದಿರುತ್ತಾರೆ ಅಂತ ಪೊಟ್ಟಣ ಹಿಡಿದು ಬರುವವರು ಒಂದು ಸಲ ಯೋಚಿಸಿ. ಮಾತ್ರೆ, ವೈದ್ಯರ ಚೀಟಿ ಕೂಡ ಕೈಚೀಲದಲ್ಲೇ. ಪವರ್ ಬ್ಯಾಂಕ್ ಅಂತೂ ಚೆಕ್-ಇನ್‌ನಲ್ಲಿ ಹಾಕುವಂತೆಯೇ ಇಲ್ಲ.

ನಿಮ್ಮ ಮಗನಿಗೆ ಕಳಿಸಲೇಬೇಕು ಅಂತಿದ್ದರೆ ನಿಮ್ಮ ಹೆಸರಿನಲ್ಲಿ, ಒಳಗೇನಿದೆ ಅಂತ ಬರೆದು ಪಾರ್ಸೆಲ್ ಮಾಡಿ. ನಮ್ಮ ಹುಡುಗಿಗೆ ಏನಾದರೂ ಕೊಡಬೇಕು ಅನಿಸಿದರೆ ದುಡ್ಡು ಕೊಡಿ, ಅಲ್ಲಿ ಚಳಿಗೆ ಒಳಗಿನ ಬಟ್ಟೆ ತಗೊಳ್ಳುತ್ತಾಳೆ. ಹೊರಡುವ ಮೊದಲು ಮನೆಗೆ ಬನ್ನಿ, ಊಟ ಮಾಡಿ, ಅವಳ ಜೊತೆ ಕೂತು ಮಾತಾಡಿ. ಬೇಡ ಅಂತ ಅವಳು ಹೇಳುವುದಿಲ್ಲ, ಅದಕ್ಕೇ ನಾನು ಬರೆದಿದ್ದು.