ಕೆಂಪು ಪಟ್ಟಿಯ 20 ಮರಗಳು

ಮಳೆಗಾಲದಲ್ಲಿ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗ ಚೆನ್ನಾಗಿ ಬರಲಿ ಎಂದು ದೇವರಿಗೆ ಕೈಮುಗಿದ ಅಡಿಕೆ ಬೆಳೆಗಾರನ ಮಗ ಮಲೆನಾಡಿನಲ್ಲಿ ನಾನೊಬ್ಬನೇ ಇರಬೇಕು. ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಆಷಾಢದ ಮಳೆಯಲ್ಲಿ ಅಪ್ಪ ಒಮ್ಮೆ ಆಕಾಶ ನೋಡಿ, ಒಮ್ಮೆ ಕೊನೆ, ಅಂದರೆ ಅಡಿಕೆ ಗೊನೆ, ನೋಡಿ ನಿಟ್ಟುಸಿರು ಬಿಡುತ್ತಿದ್ದರೆ ನಾನು ಪಕ್ಕದಲ್ಲಿ ಮುಖ ಸಪ್ಪಗೆ ಮಾಡಿಕೊಂಡು ನಿಂತು, ಇನ್ನೊಂದು ವಾರ ಹೀಗೆಯೇ ಸುರಿದರೆ ನನ್ನ ಸಂಶೋಧನೆಯ ಪೇಪರ್ ಮುಗಿದ ಹಾಗೆಯೇ ಎಂದು ಲೆಕ್ಕ ಹಾಕುತ್ತಿದ್ದೆ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ, ಉಳಿದ ಹೊತ್ತಿನಲ್ಲಿ ಪಿಎಚ್.ಡಿ. ಮಾಡುವ ಜಾತಿಯವನು ನಾನು. ವಿಷಯ ಹುಡುಕಿಕೊಂಡು ದೂರ ಹೋಗುವ ಚೈತನ್ಯವಿರಲಿಲ್ಲ. ಸಾಗರದ ಕಡೆಯ ನಮ್ಮ ತೋಟದಲ್ಲಿ ಕೊಳೆ ಇದ್ದೇ ಇತ್ತು, ಅಪ್ಪನೂ ಇದ್ದರು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುವುದು ವಾಡಿಕೆ. ಎರಡನೆಯದನ್ನು 30 ದಿನಕ್ಕೇ ಹೊಡೆದರೆ ಲಾಭವುಂಟೇ ಎಂಬುದು ನನ್ನ ಪ್ರಶ್ನೆ. 6 ಸಾಲು, ಸಾಲಿಗೆ 10 ಮರ. 20 ಮರಕ್ಕೆ ವಾಡಿಕೆಯಂತೆ, 20ಕ್ಕೆ ನನ್ನ ಲೆಕ್ಕದಂತೆ, ಉಳಿದ 20ಕ್ಕೆ ಏನೂ ಇಲ್ಲ. ಹೋಲಿಕೆಗೆಂದು ಬಿಟ್ಟ ಈ ಏನೂ ಇಲ್ಲದ ಮರಗಳಿಗೆ ಕಂಟ್ರೋಲ್ ಎನ್ನುತ್ತಾರೆ. ಗುರುತಿಗೆ ಕೆಂಪು ಪಟ್ಟಿ ಕಟ್ಟಿದೆ.

"ಹೊಡೆಯುವುದೇ ಇಲ್ಲವೇ?" ಅಪ್ಪ ಕೇಳಿದರು.

"ಇಲ್ಲ."

"ಕೊಳೆ ಬಂದರೆ?"

"ಬರಲಿ ಎಂದೇ ಬಿಡುವುದು."

ಅಪ್ಪ ಕವಳದ ತಟ್ಟೆ ಪಕ್ಕಕ್ಕೆ ಸರಿಸಿದರು. "ಕೋಲ್ಮನ್ ಸಾಹೇಬ ನಿನ್ನ ಮುತ್ತಜ್ಜನ ಕಾಲಕ್ಕೇ ಔಷಧಿ ಹೇಳಿಕೊಟ್ಟು ಹೋಗಿದ್ದಾನೆ. ಹೊಡೆಯದಿದ್ದರೆ ಏನಾಗುತ್ತದೆ ಎಂದು ತಿಳಿಯುವುದಕ್ಕೆ ಇಷ್ಟು ಓದಬೇಕಿತ್ತೇ ಮಾರಾಯ?"

ಈ ಮಾತಿಗೆ ಉತ್ತರ ನನ್ನಲ್ಲಿ ಆಗಲೂ ಇರಲಿಲ್ಲ. ಲೆಸ್ಲಿ ಕೋಲ್ಮನ್ ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, 1910ರಲ್ಲಿ ಕೊಳೆರೋಗದ ಮೇಲೆ ವರದಿ ಬರೆದರು. ಅಲ್ಲಿಯವರೆಗೆ ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ದೇವರ ಮೇಲೆ ಭಾರ ಹಾಕುತ್ತಿದ್ದ ನಮ್ಮವರಿಗೆ ಮೈಲುತುತ್ತ, ಸುಣ್ಣದ ಲೆಕ್ಕ ಕಲಿಸಿ, ಫ್ರಾನ್ಸಿನ ದ್ರಾಕ್ಷಿತೋಟದ ಔಷಧಿಯನ್ನು ಅಡಿಕೆ ಮರ ಹತ್ತಿಸಿದವರು ಅವರೇ. ಅವರ ವರದಿಯನ್ನು ನನ್ನ ಪೇಪರ್‌ನ ಮೊದಲ ಸಾಲಿನಲ್ಲೇ ಉಲ್ಲೇಖಿಸಿದ್ದೇನೆ. ಅಪ್ಪನ ವಾದಕ್ಕೆ ಅದೇ ಆಧಾರವಾಗುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಮೊದಲ ವರ್ಷ ಕೆಂಪು ಪಟ್ಟಿಯ ಮರಗಳಲ್ಲಿ ನೂರಕ್ಕೆ 34 ಕಾಯಿ ಉದುರಿದವು. ನಾನು ಹಿಗ್ಗಿದೆ, ಅಪ್ಪ ಆ ಸಾಲಿನತ್ತ ತಿರುಗಿ ನೋಡುವುದನ್ನೇ ಬಿಟ್ಟರು. ಎರಡನೆಯ ವರ್ಷ ಮಳೆ ಇನ್ನೂ ಜೋರಾಗಿತ್ತು, ಆದರೆ ಅದೇ ಮರಗಳಲ್ಲಿ ಉದುರಿದ್ದು ನೂರಕ್ಕೆ 5. ಸಾಧಾರಣ ಬುದ್ಧಿಯವನಾಗಿದ್ದರೆ ಆಗಲೇ ಅನುಮಾನ ಬರುತ್ತಿತ್ತು. ನಾನು ಸಂಶೋಧಕ. ಗಾಳಿಯ ಓಟ, ನೆರಳು, ಇಳಿಜಾರು, ಮರದೊಳಗೆ ಹುಟ್ಟಿರಬಹುದಾದ ನಿರೋಧಕ ಶಕ್ತಿ ಎಲ್ಲವನ್ನೂ ಸೇರಿಸಿ, 11 ಉಲ್ಲೇಖಗಳನ್ನು ಕೊಟ್ಟು ಒಂದೂವರೆ ಪುಟ ವಿವರಣೆ ಬರೆದೆ. ಇಡೀ ಪೇಪರ್‌ನಲ್ಲಿ ನಮ್ಮ ಗೈಡ್ ಸರ್ ಮೆಚ್ಚಿದ್ದು ಆ ಒಂದೂವರೆ ಪುಟವನ್ನೇ.

ಬರೆದು ಮುಗಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಸಾರಾಂಶ 250 ಪದ ಮೀರಬಾರದು ಎಂದು ಜರ್ನಲ್‌ನ ನಿಯಮ, ನನ್ನದು 263. ಆ 13 ಪದ ತೆಗೆಯುವುದರಲ್ಲಿ ಒಂದು ಭಾನುವಾರ ಹೋಯಿತು. ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶ ನನ್ನ ಬರಹದ ಒಂದು ಪ್ಯಾರಾ ಪೂರ್ತಿ ಕೆಂಪು ಬಳಿದು ಕಳಿಸಿತು: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಕಲಸುವುದನ್ನು ಎಷ್ಟು ಬಗೆಯಲ್ಲಿ ಬರೆಯಲು ಸಾಧ್ಯ? ನೀರನ್ನು ಮೊದಲು ಹೇಳಿದೆ, ಸುಣ್ಣವನ್ನು ಕೊನೆಗೆ ತಂದೆ, ಕರ್ತರಿಯನ್ನು ಕರ್ಮಣಿ ಮಾಡಿದೆ. ಇಷ್ಟಾದ ಮೇಲೆ ಆ ವಾಕ್ಯವನ್ನು ಓದಿಕೊಂಡು ಯಾರಾದರೂ ದ್ರಾವಣ ತಯಾರಿಸಿದರೆ ಮರದ ಗತಿ ದೇವರಿಗೇ ಪ್ರೀತಿ. ಆದರೆ ಬಣ್ಣ ಹಸಿರಾಯಿತು.

ಸಲ್ಲಿಕೆಯ ಜಾಲತಾಣ ಮೊದಲು ಕೇಳಿದ್ದು ಹೆಸರು. ಇಲ್ಲೇ ಎಡವಿದೆ. ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್ ಇವೆ, ಒಂದು ಊರಿನದು, ಇನ್ನೊಂದು ಅಪ್ಪನದು. ಮನೆತನದ ಹೆಸರು ಎಂದು ನಾವು ಯಾವತ್ತೂ ಏನನ್ನೂ ಅಂಟಿಸಿಕೊಂಡವರಲ್ಲ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯಲಿಲ್ಲ. ಒಂದು ಅಕ್ಷರ ಹಾಕಿದರೆ ಪೂರ್ತಿ ಬರೆಯಿರಿ ಎಂದಿತು. ರಾತ್ರಿ ಹನ್ನೊಂದೂವರೆಗೆ, ಕರೆಂಟ್ ಯಾವಾಗ ಹೋಗುತ್ತದೋ ಎಂಬ ಆತಂಕದಲ್ಲಿ, ಆ ಚೌಕದಲ್ಲಿ ಅಪ್ಪನ ಹೆಸರನ್ನು ಬಿಡಿಸಿ ಬರೆದು ಮುಂದೆ ಹೋದೆ.

ಈ ವಿಷಯದಲ್ಲಿ ನನಗಿಂತ ಮೊದಲು ದಾರಿ ತೋರಿಸಿದ್ದು ಒಂದು ಬೆಕ್ಕು. 1975ರಲ್ಲಿ ಅಮೆರಿಕದ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ ಒಬ್ಬರೇ ಪೇಪರ್ ಬರೆದು, ಅದರ ತುಂಬ 'ನಾವು, ನಾವು' ಎಂದು ಹೇಳಿಕೊಂಡಿದ್ದರು. ಒಬ್ಬನೇ ಲೇಖಕನಾದರೆ 'ನಾವು' ಎನ್ನುವ ಹಾಗಿಲ್ಲ ಎಂದು ಯಾರೋ ಎಚ್ಚರಿಸಿದರು. ಕಂಪ್ಯೂಟರ್ ಇಲ್ಲದ ಕಾಲ, ಇಡೀ ಪೇಪರ್ ಮತ್ತೆ ಟೈಪ್ ಮಾಡಿಸಬೇಕು. ಅದರ ಬದಲು ಅವರು ತಮ್ಮ ಸಿಯಾಮೀಸ್ ಬೆಕ್ಕು ಚೆಸ್ಟರನ್ನು ಸಹಲೇಖಕನನ್ನಾಗಿ ಸೇರಿಸಿದರು, ಎಫ್. ಡಿ. ಸಿ. ವಿಲ್ಲರ್ಡ್ ಎಂಬ ಹೆಸರಿನಲ್ಲಿ. ಫಿಸಿಕಲ್ ರಿವ್ಯೂ ಲೆಟರ್ಸ್ ಅದನ್ನು ಪ್ರಕಟಿಸಿಯೂ ಬಿಟ್ಟಿತು. ಎಫ್ ಮತ್ತು ಡಿ ಬೆಕ್ಕಿನ ವೈಜ್ಞಾನಿಕ ಹೆಸರು, ಸಿ ಅದರ ಸ್ವಂತ ಹೆಸರು, ವಿಲ್ಲರ್ಡ್ ಎಂಬುದು ಚೆಸ್ಟರ್‌ನ ಅಪ್ಪನ ಹೆಸರು. ನಮ್ಮ ಕಡೆಯ ಪದ್ಧತಿ ಅಲ್ಲಿನ ಬೆಕ್ಕುಗಳಿಗಾದರೂ ಅರ್ಥವಾಗಿದೆ.

ಮೂರನೆಯ ದಿನ ಪೇಪರ್ ವಾಪಸು ಬಂತು. ಕಾರಣ ವಿಜ್ಞಾನವಲ್ಲ, ಫೋಟೊ. ಒಂದು ಅಂಗುಲಕ್ಕೆ 300 ಚುಕ್ಕಿ ಇರಬೇಕಂತೆ. ಎರಡನೆಯ ವರ್ಷದ ಫೋಟೊಗಳನ್ನು ನಾನು ಕಾಲೇಜಿನಲ್ಲಿದ್ದಾಗ ಅಪ್ಪ ತಮ್ಮ ಮೊಬೈಲಿನಲ್ಲಿ ತೆಗೆದು ವಾಟ್ಸಾಪ್ ಮಾಡಿದ್ದರು. ವಾಟ್ಸಾಪ್ ಚಿತ್ರವನ್ನು ಹಿಂಡಿ ಹಿಪ್ಪೆ ಮಾಡಿಯೇ ಕಳಿಸುತ್ತದೆ. ಅದನ್ನು ದೊಡ್ಡದು ಮಾಡಿದರೆ ಅಡಿಕೆಯೂ ಮರವೂ ಆಕಾಶವೂ ಒಂದೇ ಹಸಿರು ಮುದ್ದೆಯಾಗಿ ಕಾಣುತ್ತಿತ್ತು. ಮುಂದಿನ ಶನಿವಾರ ಊರಿಗೆ ಹೋಗಿ, ಅಪ್ಪನ ಮೊಬೈಲಿನಲ್ಲಿದ್ದ ಸುಪ್ರಭಾತ, ಮದುವೆ ಕರೆಯೋಲೆ, ಧಾರಣೆ ಪಟ್ಟಿಗಳ ರಾಶಿಯಲ್ಲಿ ಕೈಯಾಡಿಸಿ ಮೂಲ ಚಿತ್ರಗಳನ್ನು ಹುಡುಕಿ ತೆಗೆದೆ. ಕಾಯಿಯ ಮೇಲಿನ ಪ್ರತಿಯೊಂದು ಚುಕ್ಕೆಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಆ ಚುಕ್ಕೆಗಳನ್ನು ನಾನು ಎಣಿಸಲಿಲ್ಲ. ಅದೇ ತಪ್ಪಾದದ್ದು.

ಆಮೇಲೆ ಕಾಯುವ ಕಾಲ. ಅಪ್ಪ ಸಂಜೆ ರಾಶಿಯಡಿಕೆ ಧಾರಣೆ ನೋಡುವ ನಿಷ್ಠೆಯಿಂದ ನಾನು ಜಾಲತಾಣದಲ್ಲಿ ಪೇಪರ್‌ನ ಸ್ಥಿತಿ ನೋಡುತ್ತಿದ್ದೆ. ಧಾರಣೆಯಾದರೂ ಏರಿಳಿಯುತ್ತದೆ, ಇದು ನಾಲ್ಕು ತಿಂಗಳು 'ಪರಿಶೀಲನೆಯಲ್ಲಿದೆ' ಎಂದೇ ಕೂತಿತ್ತು. 'ಪೇಪರ್ ಕಳಿಸಿದ್ದಾನೆ' ಎಂದು ಅಮ್ಮ ಹೇಳಿದ್ದನ್ನು ಕೇಳಿದ್ದ ಪಕ್ಕದ ಮನೆಯವರು ದಿನಾ ಬೆಳಿಗ್ಗೆ ಪತ್ರಿಕೆಯ ಎಲ್ಲ ಪುಟ ತಿರುವಿ, "ಇವತ್ತೂ ಹಾಕಲಿಲ್ಲವಲ್ಲ" ಎಂದು ಸಮಾಧಾನ ಹೇಳುತ್ತಿದ್ದರು. ಈ ನಡುವೆ ಕೇಳದ ಜರ್ನಲ್‌ಗಳಿಂದ ಪ್ರೇಮಪತ್ರಗಳು ಬರತೊಡಗಿದವು: ಮಾನ್ಯ ವಿದ್ವಾಂಸರೇ, ನಿಮ್ಮ ಅಮೋಘ ಪ್ರಬಂಧವನ್ನು ನಮಗೇ ಕೊಡಿ, ವಾರದಲ್ಲಿ ಪ್ರಕಟಿಸುತ್ತೇವೆ, ದುಡ್ಡು ಮಾತ್ರ ಮೊದಲೇ ಕಳಿಸಿ. ಅದರಲ್ಲೊಂದು ದಂತವೈದ್ಯದ ಜರ್ನಲ್. ಅಡಿಕೆಗೂ ಹಲ್ಲಿಗೂ ಸಂಬಂಧವಿದೆ ಎಂದು ಅವರಿಗೆ ಯಾರು ಹೇಳಿದರೋ. ಇಂಥ ಪತ್ರಗಳ ಕಾಟ ತಾಳಲಾರದೆ ಅಮೆರಿಕದ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು 2005ರಲ್ಲಿ ಒಂದು ಪೇಪರ್ ಬರೆದಿದ್ದರು. 'ನಿಮ್ಮ ಪಟ್ಟಿಯಿಂದ ನನ್ನನ್ನು ತೆಗೆಯಿರಿ' ಎಂಬ ಒಂದೇ ವಾಕ್ಯ, ನಡುವೆ ಒಂದು ಬೈಗುಳ ಸೇರಿಸಿ, 10 ಪುಟ. 2014ರಲ್ಲಿ ಮತ್ತೊಬ್ಬರು ಅದನ್ನೇ ಅಂಥದೊಂದು ಜರ್ನಲ್‌ಗೆ ಕಳಿಸಿದರೆ, 'ಅತ್ಯುತ್ತಮ' ಎಂಬ ಷರಾದೊಂದಿಗೆ ಸ್ವೀಕೃತವಾಯಿತು.

ಪೇಪರ್ ಓದಿ ತಪ್ಪು ಒಪ್ಪು ಹೇಳುವ ರಿವ್ಯೂವರ್‌ಗಳು ನನಗೆ ಅಷ್ಟು ಸುಲಭದವರು ಸಿಗಲಿಲ್ಲ. ಮೊದಲನೆಯವರ ತಕರಾರು ಒಂದೇ: ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರ ಶಿಲೀಂಧ್ರವಲ್ಲ, ಊಮೈಸೀಟ್ಸ್ ಎಂಬ ಬೇರೆಯೇ ಗುಂಪಿನದು, ಲೇಖಕರು ಎಲ್ಲೆಡೆ ಫಂಗೈ ಎಂದು ಬರೆದಿದ್ದಾರೆ. ನಿಜ. ಮಕ್ಕಳಿಗೆ ತರಗತಿಯಲ್ಲಿ ನಾನೇ ಹೇಳಿಕೊಡುವ ಮಾತು. ನಾಚಿಕೆಯ ಭರದಲ್ಲಿ ಒಂದೇ ಆಜ್ಞೆಯಿಂದ ಎಲ್ಲ 'ಫಂಗೈ'ಗಳನ್ನೂ 'ಊಮೈಸೀಟ್ಸ್' ಮಾಡಿಬಿಟ್ಟೆ. ಇಂಗ್ಲಿಷಿನಲ್ಲಿ ಫಂಗಿಸೈಡ್ ಎಂಬ ಪದದ ಹೊಟ್ಟೆಯೊಳಗೂ ಫಂಗೈ ಇದೆ ಎಂಬುದು ಮರೆತಿತ್ತು. ಪೇಪರ್ ತುಂಬ 'ಊಮೈಸೀಟ್ಸ್‌ಸೈಡ್' ಎಂಬ ಹೊಸ ಔಷಧಿ ತುಂಬಿಕೊಂಡಿತು. ಪುಣ್ಯಕ್ಕೆ ಗೈಡ್ ಸರ್ ಕಣ್ಣಿಗೆ ಬಿದ್ದು, "ಇದು ಯಾವ ಕಂಪನಿಯದಪ್ಪ?" ಎಂದರು.

ಎರಡನೆಯ ರಿವ್ಯೂವರ್ ಬೇರೆಯೇ ಆಸಾಮಿ. ಅವರ ಮೊದಲ ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅಧ್ಯಯನ ಮಾಡಿದ್ದೇವೆ ಎನ್ನುವ ಲೇಖಕರು ಜನವರಿ, ಫೆಬ್ರುವರಿಯಲ್ಲಿ ಕಾಯಿ ಎಣಿಸಿದ್ದೇಕೆ? ನಾನು ಕೋಷ್ಟಕ ತೆರೆದು ನೋಡಿದೆ. ಮರಗಳಿಗೆ ಸಾಲು–ಮರ ಎಂಬ ಕ್ರಮದಲ್ಲಿ ಸಂಖ್ಯೆ ಕೊಟ್ಟಿದ್ದೆ. ಮೂರನೆಯ ಸಾಲಿನ ಮೊದಲ ಮರ 3-1. ಎಕ್ಸೆಲ್ ಅದನ್ನು ಜನವರಿ 3 ಎಂದು ಓದಿಕೊಂಡಿತ್ತು. 5-8 ಆಗಸ್ಟ್ 5 ಆಗಿತ್ತು. ನಮ್ಮ 60 ಮರಗಳೂ ಒಂದೊಂದು ತಾರೀಕಾಗಿ, ತೋಟವೇ ಪಂಚಾಂಗವಾಗಿತ್ತು. ನಾನೊಬ್ಬನೇ ದಡ್ಡನಲ್ಲ ಎಂಬ ಸಮಾಧಾನ ಆಮೇಲೆ ಸಿಕ್ಕಿತು. ಮನುಷ್ಯನ ಮಾರ್ಚ್1, ಸೆಪ್ಟ್1 ಎಂಬ ಜೀನುಗಳನ್ನೂ ಎಕ್ಸೆಲ್ ಹೀಗೆಯೇ ತಾರೀಕು ಮಾಡುತ್ತಿತ್ತು. ಎಕ್ಸೆಲ್ ಬುದ್ಧಿ ಕಲಿಯುವುದಿಲ್ಲ ಎಂದು ಖಾತ್ರಿಯಾಗಿಯೋ ಏನೋ, 2020ರಲ್ಲಿ ವಿಜ್ಞಾನಿಗಳು ಆ ಜೀನುಗಳ ಹೆಸರನ್ನೇ ಬದಲಾಯಿಸಿದ್ದಾಗಿ ಪ್ರಕಟಿಸಿದರು.

ಎರಡನೆಯ ಪ್ರಶ್ನೆ ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. 'ಚಿತ್ರ 4ರಲ್ಲಿ, ಯಾವ ಔಷಧಿಯನ್ನೂ ಸಿಂಪಡಿಸಿಲ್ಲ ಎನ್ನಲಾದ ಮರದ ಕಾಯಿಗಳ ಮೇಲೆ ತಿಳಿನೀಲಿ ಲೇಪ ಕಾಣುತ್ತಿದೆ. ಇದು ಬೋರ್ಡೋ ದ್ರಾವಣದ ಕಲೆಯಲ್ಲವೇ?'

300 ಚುಕ್ಕಿಯ ಚಿತ್ರ ದೊಡ್ಡದು ಮಾಡಿ ನೋಡಿದೆ. ನೀಲಿ. ಅಚ್ಚ ನೀಲಿ. ಒಂದೂ ಕಾಯಿ ಬಿಡದೆ, ಸುಂದರವಾಗಿ, ಸಮನಾಗಿ ಹೊಡೆದ ಕೈ.

ಅಪ್ಪನಿಗೆ ಫೋನ್ ಮಾಡಿದೆ. "ಗಾಳಿಗೆ ಹಾರಿ ಬಿದ್ದಿರಬೇಕು" ಎಂದರು. ಇಪ್ಪತ್ತೂ ಮರಕ್ಕೆ, ಕೊನೆಯ ಹಿಂಬದಿಗೂ? "ಆ ವರ್ಷ ಗಾಳಿ ಜಾಸ್ತಿ ಇತ್ತು." ಊರಿಗೆ ಹೋದಾಗ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಕ್ಕಿದ. ಅವನಿಗೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. "ಹೊಡೆದಿದ್ದೆನಲ್ಲ ಮೇಷ್ಟ್ರೇ. ಕೆಂಪು ಪಟ್ಟಿಯ ಮರಕ್ಕೇ ಮೊದಲು ಹೊಡೆಯಬೇಕು, ಹೋದ ವರ್ಷ ಪಾಪ ಅವಕ್ಕೆ ಬಿಟ್ಟುಹೋಗಿದೆ ಎಂದಿದ್ದರು ಯಜಮಾನರು."

ಅಪ್ಪ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದರು. ನಾನು ಎದುರು ನಿಂತೆ. "ಕಣ್ಣೆದುರು ಕೊಳೆಯುವುದನ್ನು ನೋಡಲಾಗಲಿಲ್ಲ" ಎಂದರು, ತಲೆ ಎತ್ತದೆ. ಈ ಮಾತನ್ನು ಜರ್ನಲ್‌ಗೆ ಯಾವ ಶೈಲಿಯಲ್ಲಿ ಬರೆಯಬೇಕೋ ನನಗಂತೂ ತಿಳಿಯಲಿಲ್ಲ. 11 ಉಲ್ಲೇಖಗಳ ಆ ಒಂದೂವರೆ ಪುಟವನ್ನು ಅಳಿಸುವಾಗ ಆದ ಸಂಕಟವನ್ನು ಮಾತ್ರ ಯಾರೂ ಕೇಳಬೇಡಿ.

ನಡೆದದ್ದನ್ನು ಸಂಪಾದಕರಿಗೆ ಇದ್ದ ಹಾಗೆ ಬರೆದೆ. ಪೇಪರ್ ತಿರಸ್ಕರಿಸಿದ್ದೇವೆ, ಹೊಸದಾಗಿ ಇನ್ನೊಂದು ಮಳೆಗಾಲದ ಲೆಕ್ಕ ತಂದರೆ ಮತ್ತೆ ನೋಡಬಹುದು ಎಂದು ಮರ್ಯಾದೆಯಿಂದಲೇ ಉತ್ತರ ಬಂತು. ಇನ್ನೊಂದು ಮಳೆಗಾಲವೆಂದರೆ ಇನ್ನೊಂದು ಸಲ ಅಪ್ಪ. ಬೇಡಿಕೊಂಡರೆ ಕೆಲಸವಾಗುವುದಿಲ್ಲ ಎಂದು ಗೊತ್ತಿತ್ತು. ಹಾಗಾಗಿ ವ್ಯವಹಾರಕ್ಕಿಳಿದೆ. ಆ 20 ಮರಗಳ ಫಸಲನ್ನು ನಾನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿದೆ. ಸ್ವಂತ ಅಪ್ಪನ ತೋಟವನ್ನು, ಮುಂಗಡ ಕೊಟ್ಟು, ಕೊಳೆಸುವುದಕ್ಕೆಂದೇ ಚೇಣಿ ಹಿಡಿದವನು ಎಂದು ನನ್ನನ್ನು ಊರಿನಲ್ಲಿ ಈಗಲೂ ತೋರಿಸುತ್ತಾರೆ. ದುಡ್ಡು ಎಣಿಸಿಕೊಂಡ ಅಪ್ಪ ಮಾತಿಗೆ ತಪ್ಪಲಿಲ್ಲ. ಆದರೆ ಆ ಮೂರು ತಿಂಗಳು ಛತ್ರಿ ಹಿಡಿದು ದಿನವೂ ಆ ಸಾಲಿಗೆ ಹೋಗಿ, ಬಿದ್ದ ಕಾಯಿಗಳನ್ನು ನೋಡಿ ಬರುತ್ತಿದ್ದರು. ರೋಗಿಯನ್ನು ನೋಡಿ ಬಂದವರಂತೆ ಕಾಲು ತೊಳೆದೇ ಒಳಗೆ ಬರುತ್ತಿದ್ದರು ಎಂದು ಅಮ್ಮ ಹೇಳಿದರು.

ಪೇಪರ್ ಕೊನೆಗೂ ಬಂತು. 30 ದಿನಕ್ಕೆ ಹೊಡೆದರೂ 45 ದಿನಕ್ಕೆ ಹೊಡೆದರೂ ಗಮನಾರ್ಹ ವ್ಯತ್ಯಾಸವಿಲ್ಲ ಎಂಬುದು ತೀರ್ಮಾನ. ಅಪ್ಪನಿಗೆ ಮುದ್ರಿಸಿದ ಪ್ರತಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೊದಲ ಪುಟವನ್ನು ಬಹಳ ಹೊತ್ತು ನೋಡಿದರು. ಪುಟದ ನೆತ್ತಿಯಲ್ಲಿ ಅವರ ಹೆಸರು ಪೂರ್ತಿಯಾಗಿ, ದಪ್ಪ ಅಕ್ಷರದಲ್ಲಿತ್ತು. ಅದರ ಮುಂದೆ ನನ್ನದು ಒಂದೇ ಒಂದು ಅಕ್ಷರ, ಚುಕ್ಕಿ ಸಮೇತ. ಇನ್ನು ಮುಂದೆ ಜಗತ್ತಿನಲ್ಲಿ ಯಾರು ಈ ಪೇಪರನ್ನು ಉಲ್ಲೇಖಿಸಿದರೂ ಬರೆಯುವುದು 'ಅಪ್ಪ ಮತ್ತು ಇತರರು' ಎಂದೇ. ತಿದ್ದುಪಡಿಗೆ ಬೇರೆ ಅರ್ಜಿ ಹಾಕಬೇಕು, ಆ ಅರ್ಜಿಯಲ್ಲೂ ಮೊದಲ ಚೌಕದಲ್ಲಿ ಮನೆತನದ ಹೆಸರು ಕೇಳುತ್ತಾರೆ.

"ಹಾಗಾದರೆ ನಾನು ಇಷ್ಟು ವರ್ಷ ಹೊಡೆಸುತ್ತಿದ್ದ ಲೆಕ್ಕವೇ ಸರಿ" ಎಂದರು ಅಪ್ಪ, ಪ್ರತಿಯನ್ನು ಮಡಚುತ್ತ.

"ಹೌದು."

"ಮತ್ತೆ ನನ್ನ ಹೆಸರು ಹಾಕಿದ್ದು ಒಳ್ಳೆಯದೇ ಆಯಿತು."

ಕೆಂಪು ಪಟ್ಟಿಗಳನ್ನು ಇನ್ನೂ ಬಿಚ್ಚಿಲ್ಲ. ಈ ಸಲ ಮೇ ಕೊನೆಯ ವಾರದಲ್ಲಿ ಕೊನೆಗೌಡ ಬಂದಾಗ ಅಪ್ಪ ಅವನನ್ನು ನೇರವಾಗಿ ಆ ಸಾಲಿಗೇ ಕರೆದುಕೊಂಡು ಹೋದರು.