"ಸೌಂಡ್ ಹೆಂಗೈತೆ ನೋಡಿ ಸಾರ್" ಅಂದವನಿಗೆ, ಮತ್ತು ಕೇಳಿಸದೆ ಮಾರೋ ಎಲ್ಲ ಅಂಗಡಿಗಳಿಗೆ

ಇವತ್ತು ಸಂಜೆ ತುಮಕೂರಿನ ಎಂ.ಜಿ. ರೋಡಿನ ಮೊಬೈಲ್ ಅಂಗಡಿಯಿಂದ ಹೊರಗೆ ಬಂದವನು ಇನ್ನೂ ಕುದೀತಾ ಇದ್ದೀನಿ. ಊಟ ಸೇರಲಿಲ್ಲ. ಬರೆದು ಹಾಕಿದರೆ ತಣ್ಣಗಾದೀತು ಅಂತ ಕೂತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಅಕ್ಕನ ಮಗಳು ವೀಣೆ ಕಲೀತಿರೋದು ನಿಮಗೆಲ್ಲ ಗೊತ್ತು. ಮೇಷ್ಟ್ರು ಮೈಸೂರಿನಲ್ಲಿ, ಇವಳು ಇಲ್ಲಿ. ವಾರಕ್ಕೆರಡು ದಿನ ಫೋನಿನಲ್ಲೇ ಪಾಠ. ಅವಳ ಹಳೇ ಫೋನಿನ ಇಯರ್‌ಫೋನ್ ಜಾಕ್ ಸವೆದು ಹೋಗಿದೆ. ಆ ಮಾಡೆಲ್ಲಿಗೆ ಬದಲಿ ಬೋರ್ಡ್ ಸಿಗಲ್ಲ ಅಂದರು. ನಾನೇ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನ್ ಮಾಡಿದೆ, ಒಂದು ವಾರ ಬಂತು, ಮತ್ತೆ ಒಂದು ಕಿವಿ ಬಂದ್. ಸರಿ, ಹೊಸದೇ ತಗೊಳ್ಳೋಣ ಅಂತ ಅವಳನ್ನ ಕರ್ಕೊಂಡು ಹೋದೆ.

ಕೇಳಿದ್ದು ಒಂದೇ ಪ್ರಶ್ನೆ. "ಇಯರ್‌ಫೋನ್ ಹಾಕ್ಕೊಂಡು ಸಂಗೀತ ಕೇಳೋಕೆ ಯಾವ ಫೋನ್ ಚೆನ್ನಾಗಿದೆ?"

ಹುಡುಗ ಒಂದು ಫೋನ್ ತೆಗೆದು ಗಾಜಿನ ಕೌಂಟರ್ ಮೇಲಿಟ್ಟ, ವಾಲ್ಯೂಮ್ ಪೂರ್ತಿ ಏರಿಸಿದ, ಒಂದು ಡಿಜೆ ಹಾಡು ಹಾಕಿದ. ಗಾಜು ಗಿರಗಿರ ಅಂತ ಅದುರಿತು. "ಸೌಂಡ್ ಹೆಂಗೈತೆ ನೋಡಿ ಸಾರ್!"

ನಾನು ಕೇಳಿದ್ದು ಇಯರ್‌ಫೋನಿನ ಮಾತು, ಅವನು ತೋರಿಸಿದ್ದು ಸ್ಪೀಕರ್. ಫೋನಿನ ತಳದ ತೂತಿಂದ ಬರೋ ಸದ್ದಿಗೆ ಬೇರೆ ಆಂಪ್ಲಿಫೈಯರ್, ಬೆರಳುಗುರಿನಷ್ಟು ಸ್ಪೀಕರ್. ಅದು ಜೋರಾಗಿದೆ ಅಂದ ಮಾತ್ರಕ್ಕೆ ಜಾಕಿಂದ ಬರೋದು ಚೆನ್ನಾಗಿರುತ್ತೆ ಅನ್ನೋಕೆ ಯಾವ ಆಧಾರವೂ ಇಲ್ಲ. ಜೇಬಿಂದ ನನ್ನ ಇಯರ್‌ಫೋನ್ ತೆಗೆದು "ಇದನ್ನ ಒಂದು ನಿಮಿಷ ಹಾಕಿ ಕೇಳ್ತೀವಪ್ಪ" ಅಂದೆ. "ಡೆಮೋ ಪೀಸಿಗೆ ಹಾಕಂಗಿಲ್ಲ ಸಾರ್. ಬಾಕ್ಸಲ್ಲೇ ಹೈ-ರೆಸ್ ಅಂತ ಬರೆದೈತಲ್ಲ."

ಮೂರು ಅಂಗಡಿ ಸುತ್ತಿದೆವು. ಮೂರರಲ್ಲೂ ಇದೇ ಕಥೆ.

ಸೀರೆ ಅಂಗಡಿಯಲ್ಲಿ ಮಡಿಕೆ ಬಿಚ್ಚಿ ಹೆಗಲ ಮೇಲೆ ಹಾಕಿ ತೋರಿಸ್ತಾರೆ. ಮಂಡಿಪೇಟೆಯಲ್ಲಿ ಅಕ್ಕಿ ಅಂಗೈಗೆ ಹಾಕ್ಕೊಂಡು ಬಾಯಿಗೆ ಎಸೆದು ನೋಡ್ತೀವಿ. ತೆಂಗಿನಕಾಯಿನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸದೆ ನಮ್ಮ ಜಿಲ್ಲೆಯಲ್ಲಿ ಯಾರೂ ಕೊಳ್ಳಲ್ಲ. ಹನ್ನೆರಡು ಹದಿನೈದು ಸಾವಿರ ಕೊಟ್ಟು ಸಂಗೀತಕ್ಕೆ ಅಂತಲೇ ತಗೊಳ್ಳೋ ಸಾಮಾನನ್ನ ಮಾತ್ರ ಕೇಳದೆ ತಗೋಬೇಕು!

ನಾನು ಮೈಕ್ ಸೆಟ್ ಇಟ್ಟು 22 ವರ್ಷ ಆಯ್ತು. ಜಾತ್ರೆ, ಮದುವೆ, ಹಳ್ಳಿ ಮೇಲಿನ ಪೌರಾಣಿಕ ನಾಟಕ, ಎಲ್ಲಾ ಮಾಡಿದ್ದೀನಿ. ಹಾಗಾಗಿ ಫೋನಿನ ಸೌಂಡ್ ಅಂದರೆ ಏನು ಅಂತ ನಾಲ್ಕು ಮಾತು ಹೇಳೋ ಹಕ್ಕು ನನಗಿದೆ ಅಂದ್ಕೊಂಡಿದ್ದೀನಿ.

ಫೋನಿನೊಳಗೆ ಹಾಡು ಅಂತ ಇರೋದು ಬರೀ ಅಂಕಿ. ಸಿಡಿ ಲೆಕ್ಕದಲ್ಲಿ ಎಡಕ್ಕೂ ಬಲಕ್ಕೂ ಸೆಕೆಂಡಿಗೆ 44,100 ಅಂಕಿ. ಆ ಅಂಕಿಗಳನ್ನ ಕರೆಂಟಿನ ಅಲೆಯಾಗಿ ತಿರುಗಿಸೋ ಚಿಪ್ಪಿಗೆ ಡ್ಯಾಕ್ ಅಂತಾರೆ. ಆ ಅಲೆಗೆ ಇಯರ್‌ಫೋನ್ ಅಲುಗಿಸೋ ಕಸುವು ಕೊಡೋದು ಆಂಪ್ಲಿಫೈಯರ್. ಈಗಿನ ಕಾಲಕ್ಕೆ ಡ್ಯಾಕ್ ಚಿಪ್ಪುಗಳು ಸಾಮಾನ್ಯವಾಗಿ ಚೆನ್ನಾಗೇ ಇರುತ್ತವೆ. ಎಡವಟ್ಟು ಆಗೋದು ಹೆಚ್ಚಾಗಿ ಆಂಪ್ಲಿಫೈಯರಲ್ಲಿ. ಹಾಡು ನಿಂತಾಗ ಸುಯ್ ಅನ್ನಬಾರದು. ದೊಡ್ಡ ಹೆಡ್‌ಫೋನ್ ಹಾಕಿದರೆ ಸಾಕಷ್ಟು ವೋಲ್ಟೇಜ್ ಕೊಡಬೇಕು. ಸ್ಟುಡಿಯೋದವರ 250 ಓಮ್ (ಓಮ್ ಅಂದರೆ ಕರೆಂಟಿಗೆ ಒಡ್ಡೋ ತಡೆಯ ಅಳತೆ) ಹೆಡ್‌ಫೋನ್ ಸಿಕ್ಕಿಸಿದರೆ ಬಹಳಷ್ಟು ಫೋನುಗಳು ಪಿಸುಗುಟ್ಟುತ್ತವೆ ಅಷ್ಟೇ. ಮೂರನೇದು ಯಾರೂ ಹೇಳದ ಮಾತು: ಫೋನಿನ ಔಟ್‌ಪುಟ್ ಓಮ್, ಅಂದರೆ ಫೋನಿನ ಜಾಕಿನ ಕಡೆಯೇ ಇರೋ ತಡೆ.

ಮೈಕ್ ಸೆಟ್‌ನವರಿಗೆ ಓಮ್ ಅಂದರೆ ದಿನಾ ಮುಟ್ಟೋ ಪದಾರ್ಥ. ಆಂಪ್ಲಿಫೈಯರಿಗೂ ಸ್ಪೀಕರಿಗೂ ಓಮ್ ಕೂಡಿಬರದಿದ್ದರೆ ಏನಾಗುತ್ತೆ ಅಂತ ಸುಟ್ಟ ಟ್ರಾನ್ಸಿಸ್ಟರ್ ಮೂಸಿ ಕಲಿತವನು ನಾನು. ಇಯರ್‌ಫೋನಿನಲ್ಲಿ ಸುಡಲ್ಲ, ಸದ್ದಿನ ಬಣ್ಣ ಕೆಡುತ್ತೆ. ಯಾಕಂದರೆ ಎಷ್ಟೋ ಇಯರ್‌ಫೋನಿನ ಓಮ್ ಎಲ್ಲ ಸ್ವರಕ್ಕೂ ಒಂದೇ ಇರಲ್ಲ, ಕೆಳಗಿನ ಸ್ವರಕ್ಕೆ ಒಂದು, ಮೇಲಿನದಕ್ಕೆ ಇನ್ನೊಂದು. ಫೋನಿನ ಕಡೆ ಓಮ್ ಜಾಸ್ತಿ ಇದ್ದರೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗುತ್ತೆ. ಒಳ್ಳೇ ಇಯರ್‌ಫೋನೇ ಬೇರೆ ಥರ ಹಾಡೋಕೆ ಶುರು ಮಾಡುತ್ತೆ. ಲೆಕ್ಕ ಸುಲಭ. ಫೋನಿನ ಓಮ್ ಇಯರ್‌ಫೋನ್ ಓಮಿನ ಎಂಟನೇ ಒಂದು ಭಾಗ ದಾಟಬಾರದು. ಇಯರ್‌ಫೋನ್ 16 ಓಮ್ ಆದರೆ ಫೋನ್ 2 ಓಮ್ ಒಳಗಿರಬೇಕು.

ಈ ಒಂದು ಅಂಕಿನ ಯಾವುದಾದರೂ ಬಾಕ್ಸ್ ಮೇಲೆ ನೋಡಿದ್ದೀರಾ? ಕ್ಯಾಮೆರಾ 50 ಮೆಗಾಪಿಕ್ಸೆಲ್ ಅಂತ ಬೆರಳುದ್ದ ಅಕ್ಷರದಲ್ಲಿರುತ್ತೆ. ಸೌಂಡಿಗೆ ಬಂದರೆ ಒಂದು ಚಿನ್ನದ ಬಣ್ಣದ ಸ್ಟಿಕ್ಕರ್. ಹೈ-ರೆಸ್ ಅನ್ನೋದರ ಅರ್ಥ 96 ಕಿಲೋಹರ್ಟ್ಸ್ (ಸೆಕೆಂಡಿಗೆ 96,000 ಅಂಕಿ), 24 ಬಿಟ್ ಹಾಡನ್ನ ನಿಭಾಯಿಸುತ್ತೆ ಅಂತ. ಮನುಷ್ಯನ ಕಿವಿ ಕೇಳೋದು ಹೆಚ್ಚೆಂದರೆ 20 ಕಿಲೋಹರ್ಟ್ಸ್, ಸೆಕೆಂಡಿಗೆ 44,100 ಅಂಕಿ ಅದರ ಅರ್ಧ, ಅಂದರೆ ಸುಮಾರು 22 ಕಿಲೋಹರ್ಟ್ಸ್ ತನಕ ಹಿಡಿಯುತ್ತೆ, ಅದಕ್ಕೆ 1982ರಲ್ಲಿ ಬಂದ ಸಿಡಿಯೇ ಸಾಲುತ್ತೆ. ಎಲ್ಲಿಂದಲೋ ಇಳಿಸಿಕೊಂಡ, ಹಿಂಡಿ ಸಣ್ಣ ಮಾಡಿದ 128 ಕೆಬಿಪಿಎಸ್ ಎಂಪಿ3 ಹಾಕಿದರೆ ಯಾವ ಸ್ಟಿಕ್ಕರೂ ಅದನ್ನ ಸುಧಾರಿಸಲ್ಲ. ಅದಕ್ಕೇ ಹೇಳೋದು, ಬಾಕ್ಸಲ್ಲಿ ಬರೆದಿರೋದನ್ನ ತೋರಿಸಬೇಡಿ, ಕಿವಿಗೆ ಕೊಡಿ.

ಎರಡನೇ ಅಂಗಡಿಯದು ಇನ್ನೂ ಬೇಜಾರಿನ ವಿಷಯ. ನಾವು ಹೋದಾಗ ಒಬ್ಬ ಕಾಲೇಜು ಹುಡುಗ ಗೋಗರೀತಾ ನಿಂತಿದ್ದ. ಫೋನಿಗೆ ಜಾಕ್ ಇಲ್ಲ ಅಂತ ಅಲ್ಲೇ ಕನ್ವರ್ಟರ್ ಕೊಂಡಿದ್ದಾನೆ, ಕೆಲಸ ಮಾಡ್ತಿಲ್ಲ. "ನಿನ್ನ ಫೋನೇ ಕಂಪ್ಲೇಂಟು, ಸರ್ವಿಸಿಗೆ ಕೊಡು" ಅಂತ ಅಂಗಡಿಯವರು. ನಾನು ಕನ್ವರ್ಟರ್ ಇಸ್ಕೊಂಡು ನೋಡಿದೆ. ಒಳಗೆ ಬರೀ ತಂತಿ ಇರೋ ಅಗ್ಗದ ಜಾತಿ. ಫೋನೇ ಟೈಪ್-ಸಿ ತೂತಿನ ಮೂಲಕ ಅಲೆಯ ರೂಪದಲ್ಲೇ ಸಂಗೀತ ಹೊರಗೆ ಕಳಿಸೋ ಹಾಗಿದ್ದರೆ ಮಾತ್ರ ಅದು ನಡೆಯುತ್ತೆ. ಎಷ್ಟೋ ಫೋನುಗಳು ಹಾಗೆ ಕಳಿಸಲ್ಲ, ಅಂಕಿ ಮಾತ್ರ ಕಳಿಸ್ತವೆ. ಅವಕ್ಕೆ ಡ್ಯಾಕ್ ಚಿಪ್ ಒಳಗಿರೋ ಕನ್ವರ್ಟರೇ ಬೇಕು. ಹುಡುಗನ ಫೋನಿನಲ್ಲಿ ಏನೂ ಕೆಟ್ಟಿರಲಿಲ್ಲ. "ಚಿಪ್ ಇರೋದು ಇದ್ಯಾ?" ಅಂದೆ. "ಎಲ್ಲಾ ಒಂದೇ ಸಾರ್" ಅಂದರು. ಎಲ್ಲಾ ಒಂದೇ ಅಲ್ಲ ಸ್ವಾಮಿ! ಚಿಪ್ ಇರೋ ಒಳ್ಳೇ ಕನ್ವರ್ಟರ್ ಕೆಲವು ಫೋನುಗಳ ಸ್ವಂತ ಜಾಕಿಗಿಂತ ಚೆನ್ನಾಗಿ ಹಾಡುತ್ತೆ. ಮೂರೂ ಅಂಗಡಿಯಲ್ಲಿ ಅದು ಇರಲಿಲ್ಲ. ಹುಡುಗ ತಲೆ ತಗ್ಗಿಸ್ಕೊಂಡು ಹೋದ, ಇಲ್ಲದ ಕಂಪ್ಲೇಂಟನ್ನ ಸರಿ ಮಾಡಿಸೋಕೆ. ಅವನ ಹಿಂದೆ ಓಡಿ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಅದು ಈಗಲೂ ಕೊರೀತಿದೆ.

ಈಗ ನೀವು ಹೇಳೋದು ಗೊತ್ತು. "ಯಾವ ಕಾಲದಲ್ಲಿದ್ದೀಯಪ್ಪ, ಈಗೆಲ್ಲ ಬ್ಲೂಟೂತು, ವೈರ್ ಯಾರು ಹಾಕ್ತಾರೆ?" 2016ರಲ್ಲಿ ಐಫೋನ್ 7ರಿಂದ ಜಾಕ್ ಹೋದಾಗಿಂದ ಕೇಳ್ತಾ ಬಂದಿದ್ದೀನಿ ಈ ಮಾತನ್ನ. ಅರ್ಧ ಒಪ್ಕೋತೀನಿ. ಬ್ಲೂಟೂತ್ ಹಾಕಿದರೆ ಫೋನಿನ ಡ್ಯಾಕಿಗೂ ಆಂಪ್ಲಿಫೈಯರಿಗೂ ಕೆಲಸವೇ ಇಲ್ಲ, ಎರಡೂ ಇಯರ್‌ಬಡ್ಸ್ ಒಳಗೇ ಇರುತ್ತವೆ. ಆಗ ಫೋನಿಗಿಂತ ಬಡ್ಸಿಗೆ ದುಡ್ಡು ಹಾಕೋದೇ ಸರಿ. ಆದರೂ ಫೋನಿನ ಪಾತ್ರ ಮುಗಿಯಲ್ಲ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಹರಿಯುತ್ತೆ. ಹಾಡನ್ನ ಹಿಂಡಿ ಕಳಿಸೋಕೆ ಎಲ್ಲ ಬ್ಲೂಟೂತಿಗೂ ಇರೋ ಎಸ್‌ಬಿಸಿ ಅನ್ನೋ ಪದ್ಧತಿಯಲ್ಲಿ ಸಾಮಾನ್ಯವಾಗಿ 328ರ ಹತ್ತಿರಕ್ಕೆ ನಿಲ್ಲುತ್ತೆ. ಎಲ್‌ಡ್ಯಾಕ್ ಅನ್ನೋ ಇನ್ನೊಂದು ಪದ್ಧತಿ 990ರ ತನಕ ಹೋಗುತ್ತೆ, 2017ರ ಆಂಡ್ರಾಯ್ಡ್ 8ರಿಂದ ಅದು ಆಂಡ್ರಾಯ್ಡ್ ಒಳಗೇ ಸೇರಿದೆ. ಆದರೆ ಬಡ್ಸಿನಲ್ಲೂ ಇರಬೇಕು, ಐಫೋನಿನಲ್ಲಂತೂ ಇಲ್ಲವೇ ಇಲ್ಲ. ಎಎಸಿ ಅನ್ನೋ ಮತ್ತೊಂದು ಪದ್ಧತಿ ಐಫೋನಿನಲ್ಲಿ ಚೆನ್ನಾಗಿದೆ, ಆಂಡ್ರಾಯ್ಡಿನಲ್ಲಿ ಫೋನಿಂದ ಫೋನಿಗೆ ಬೇರೆ. ಇದನ್ನೂ ಕಿವಿಗಿಟ್ಟು ಕೇಳದೆ ಗೊತ್ತಾಗಲ್ಲ, ಮತ್ತೆ ಅಲ್ಲಿಗೇ ಬಂದೆವು.

ಇನ್ನು ನಮ್ಮ ಹುಡುಗಿಯ ಪಾಠಕ್ಕೆ ಬ್ಲೂಟೂತ್ ಆಗೋದೇ ಇಲ್ಲ. ಹಾಡು ಕೇಳುವಾಗ ಚೆನ್ನಾಗಿರೋ ಬಡ್ಸು, ಪಾಠ ಶುರುವಾದ ತಕ್ಷಣ ಕೊಡಪಾನದೊಳಗಿಂದ ಮಾತಾಡಿದ ಹಾಗೆ ಕೇಳುತ್ತೆ. ಕಾರಣ ಇದೆ. ಬಡ್ಸಿನ ಮೈಕ್ ಆನ್ ಆಯ್ತು ಅಂದರೆ ಇಂಥ ಸಾಮಾನ್ಯ ಬಡ್ಸಿನಲ್ಲಿ ಬ್ಲೂಟೂತ್ ಸಂಗೀತದ ದಾರಿ ಬಿಟ್ಟು ಫೋನ್ ಕರೆಯ ದಾರಿ ಹಿಡಿಯುತ್ತೆ. ಅಲ್ಲಿ ಚೆನ್ನಾಗಿದ್ದರೆ 8 ಕಿಲೋಹರ್ಟ್ಸ್ ತನಕ, ಹಳೇ ಪದ್ಧತಿಯಾದರೆ 4ರ ಒಳಗೇ ಕತ್ತರಿ. ಮಾತಿಗೆ ಅಷ್ಟು ಸಾಕು. ವೀಣೆಗೆ ಸಾಲುತ್ತಾ? ಮೇಷ್ಟ್ರು ತಂತಿ ಮೀಟಿದ ಉಗುರಿನ ಕಿಡಿಯೇ ಕಾಣೆ. ಇದನ್ನ ಪತ್ತೆ ಹಚ್ಚೋಕೆ ನಮಗೆ ಎರಡು ತಿಂಗಳು ಹಿಡೀತು. ಅಷ್ಟು ದಿನ ಆ ಮಗು "ನನಗೇ ಗಮಕ ಕಿವಿಗೆ ಬೀಳ್ತಿಲ್ಲ, ನನಗೆ ಸಂಗೀತ ಬರಲ್ಲ ಮಾವ" ಅಂತ ಅತ್ತಿದ್ದಾಳೆ. ವೈರ್ ಹಾಕಿದ ಮೇಲೆ ಅರ್ಧ ತೊಂದರೆ ಅಲ್ಲೇ ಹೋಯ್ತು. ಇನ್ನರ್ಧ ಮೇಷ್ಟ್ರ ಕಡೆ ಇತ್ತು. ವಿಡಿಯೋ ಕರೆಯ ಆ್ಯಪ್‌ಗಳು ಒಂದೇ ಸಮನೆ ಬರೋ ತಂಬೂರಿ ಶ್ರುತಿಯನ್ನ ಫ್ಯಾನಿನ ಸದ್ದು ಅಂದ್ಕೊಂಡು ಅಳಿಸಿ ಹಾಕ್ತವೆ. ಜೂಮ್‌ನಲ್ಲಿ ಒರಿಜಿನಲ್ ಸೌಂಡ್ ಅಂತ ಒಂದು ಆಯ್ಕೆ ಇದೆ, ಅದನ್ನ ಹಾಕಿಸಿದೆವು. ಮಕ್ಕಳನ್ನ ಆನ್‌ಲೈನ್ ಸಂಗೀತಕ್ಕೆ ಸೇರಿಸಿರೋರು ದಯವಿಟ್ಟು ಇವೆರಡನ್ನೂ ನೋಡ್ಕೊಳ್ಳಿ.

ಒಂದು ವಿಷಯ ಇದುವರೆಗೂ ಯಾರಿಗೂ ಹೇಳಿರಲಿಲ್ಲ. ನನ್ನ ಬಲಗಿವಿ ಮೊದಲಿನ ಹಾಗಿಲ್ಲ. ಹಾರ್ನ್ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ರಾತ್ರಿಗಟ್ಟಲೆ ಕೂತ ಫಲ. ನಿಶ್ಶಬ್ದವಾದ ಕೋಣೆಯಲ್ಲಿ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಸದ್ದು. ಮೇಲಿನ ಸ್ವರಗಳು ನನಗೆ ಬೀಳಲ್ಲ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗೋ ಹುಡುಗರು ಗಾಲಿ ಸದ್ದು ಮುಚ್ಚೋಕೆ ವಾಲ್ಯೂಮ್ ಏರಿಸೋದನ್ನ ಕಂಡರೆ ಕೈ ಹಿಡಿದು ಇಳಿಸೋಣ ಅನ್ನಿಸುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದ ಹಾಗೆ ಗಂಟೆಗಳು ಇಳೀತವೆ. ಹೋದ ಕಿವಿ ವಾಪಸ್ ಬರಲ್ಲ.

ಹಾಗಾಗಿ ಫೋನ್ ಪರೀಕ್ಷೆಗೆ ನನ್ನ ಕಿವಿ ನೆಚ್ಚೋ ಹಾಗಿಲ್ಲ, ಅವಳ ಕಿವಿಯೇ ಬೇಕು. ಹೋದ ವಾರ ಮನೆಯಲ್ಲಿ ಮೂರು ಫೋನ್ ಸೇರಿಸಿ ಅವಳ ಕೈಲಿ ಕೇಳಿಸಿದೆ. ನನ್ನದು, ಭಾವನದು, ಪಕ್ಕದ ಮನೆಯವರದು. ಇಯರ್‌ಫೋನ್ ಒಂದೇ, ಅದೇ ರೆಕಾರ್ಡಿಂಗ್. ಮೊದಲು ಇಯರ್‌ಫೋನಿನ ರಬ್ಬರ್ ಬದಲಿಸಿದೆ. ಅವಳ ಕಿವಿ ಸಣ್ಣದು, ನಡುವಿನ ಸೈಜಿನ ರಬ್ಬರ್ ಸಂದಿ ಬಿಟ್ಟು ಮೃದಂಗದ ಗುಂಕಿ (ಎಡಗೈಯ ದಪ್ಪ ನಾದ) ಪೂರ್ತಿ ಸೋರಿ ಹೋಗ್ತಿತ್ತು. ಸಣ್ಣದು ಹಾಕಿದ ಮೇಲೆ "ಎಡಗೈ ಈಗ ಕೇಳಿಸ್ತು ಮಾವ" ಅಂದಳು. ಐದು ರೂಪಾಯಿ ಬೆಲೆ ಬಾಳದ ರಬ್ಬರ್ ಅದು. ಆಮೇಲೆ ಮೂರೂ ಫೋನಿನ ಸದ್ದನ್ನ ಒಂದೇ ಮಟ್ಟಕ್ಕೆ ತಂದೆ. ಇದು ಮುಖ್ಯ, ಯಾಕಂದರೆ ಚೂರು ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತೆ. ಅಂಗಡಿ ಹುಡುಗ ವಾಲ್ಯೂಮ್ ಏರಿಸೋದು ಇದಕ್ಕೇ.

ಕೇಳಿಸಿದ್ದು ಬರೀ ತಂಬೂರಿ. ತಂಬೂರಿಯ ಕುದುರೆ ಮೇಲೆ ತಂತಿ ಕೆಳಗೆ ಒಂದೆಳೆ ದಾರ ಇಡ್ತಾರಲ್ಲ, ಜೀವಾಳ, ಅದು ಸರಿಯಾದ ಜಾಗದಲ್ಲಿ ಕೂತಾಗ ಒಂದು ಸ್ವರದೊಳಗಿಂದ ಇನ್ನೊಂದು ಸ್ವರ ಎದ್ದು ಬರುತ್ತೆ. ಒಂದು ಫೋನಿನಲ್ಲಿ ಆ ಝೇಂಕಾರ ಮರಳು ಜರಡಿ ಹಿಡಿದ ಹಾಗಿತ್ತಂತೆ. ಇನ್ನೊಂದರಲ್ಲಿ ಝೇಂಕಾರದ ಹಿಂದೆ ಸುಯ್ ಅನ್ನೋದು ನಿಲ್ಲಲೇ ಇಲ್ಲ. ಮೂರನೇದರಲ್ಲಿ, ಭಾವನ ನಾಲ್ಕು ವರ್ಷದ ಹಳೇ ಅಗ್ಗದ ಫೋನಿನಲ್ಲಿ, ಅವಳು ಕಣ್ಣು ಮುಚ್ಚಿದಳು. ಏನೂ ಹೇಳಲಿಲ್ಲ, ಕಡಿಮೆ ಅಂದರೂ ಎರಡು ನಿಮಿಷ. ಆಮೇಲೆ ಮೆಲ್ಲಗೆ ಅದೇ ಶ್ರುತಿಗೆ ಸಾ ಹಿಡಿದಳು. ಆ ಮಾಡೆಲ್ ಈಗ ಬರ್ತಿಲ್ಲ.

ಇಷ್ಟೇ ನಾನು ಅಂಗಡಿಯವರನ್ನ ಕೇಳೋದು. ಎರಡು ನಿಮಿಷ, ಒಂದು ಇಯರ್‌ಫೋನ್, ಕೂರೋಕೆ ಒಂದು ಸ್ಟೂಲ್. ರಬ್ಬರ್ ನಮ್ಮದೇ ತರ್ತೀವಿ.

ನಾಳೆ ಬೆಳಿಗ್ಗೆ ಆರೂವರೆಗೆ ಪಾಠ ಇದೆ. ನಾನಿದನ್ನ ಬರೀತಿರೋವಾಗ ಅವಳು ಪಡಸಾಲೆಯಲ್ಲಿ ಕೂತು ಹಳೇ ಫೋನಿನ ಜಾಕಿಗೆ ಪಿನ್ ಹಾಕಿ, ಚೂರು ಎಡಕ್ಕೆ ಬಾಗಿಸಿ, ಸುತ್ತ ರಬ್ಬರ್ ಬ್ಯಾಂಡ್ ಬಿಗೀತಿದ್ದಾಳೆ. ಹಾಗೆ ಹಿಡಿದರೆ ಎರಡೂ ಕಿವಿಗೆ ಬರುತ್ತೆ. ತುಮಕೂರಿನಲ್ಲಾಗಲಿ, ಗುಬ್ಬಿ, ತಿಪಟೂರಿನಲ್ಲಾಗಲಿ, ಹಾಕಿ ಕೇಳೋಕೆ ಬಿಡೋ ಒಂದು ಅಂಗಡಿ ಗೊತ್ತಿದ್ದರೆ ಕೆಳಗೆ ಬರೀರಿ. ಭಾನುವಾರ ಬರ್ತೀವಿ.